ಕಪ್ಪು ಬಳಿಯುವುದು ಬಿಡಿ, ಕಲಿಸಲು ಕರೆಯಿರಿ: ಉತ್ತರ ಕನ್ನಡದ ನೃತ್ಯ ತರಗತಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಶಾಲೆಯ ಗ್ಯಾದರಿಂಗ್ (ವಾರ್ಷಿಕೋತ್ಸವ) ಪಟ್ಟಿಯಲ್ಲಿ ‘ಆದಿವಾಸಿ ನೃತ್ಯ’ ಎಂಬುದೊಂದು ಇದ್ದೇ ಇರುತ್ತದೆ. ಹತ್ತಾರು ಮಕ್ಕಳ ಮುಖ, ಕೈಕಾಲಿಗೆ ಕಪ್ಪು ಬಳಿದು, ಸೊಂಟಕ್ಕೆ ಮಾವಿನ ಸೊಪ್ಪು ಸುತ್ತಿ, ಕೈಗೊಂದು ಕೋಲು ಕೊಟ್ಟು ವೇದಿಕೆಗೆ ಬಿಡುತ್ತಾರೆ. ಅರ್ಥವಿಲ್ಲದ ಕೂಗು, ನಾಲ್ಕು ಜಿಗಿತ, ಜೋರು ಚಪ್ಪಾಳೆ. ಕಾರವಾರದಲ್ಲೂ ಇದನ್ನು ನೋಡಿದ್ದೇವೆ, ಕುಮಟೆಯಲ್ಲೂ, ಶಿರಸಿಯಲ್ಲೂ. ಆಫ್ರಿಕಾ ಮೂಲದ ಸಿದ್ದಿ ಜನ ತಲೆತಲಾಂತರದಿಂದ ನೆಲೆಸಿರುವ ಜಿಲ್ಲೆ ನಮ್ಮದು. ಹಾಗೆ ಬಳಿದ ಬಣ್ಣ ಯಾರ ಮೈಬಣ್ಣವೋ, ಆ ಮಗುವೂ ಎಷ್ಟೋ ಸಲ ಅದೇ ಸಭೆಯಲ್ಲಿ ಕೂತಿರುತ್ತದೆ.

ಭರತನಾಟ್ಯ ಹೇಳಿಕೊಡುವವರಿಗೆ, ಶಾಲೆಗಳಲ್ಲಿ ಗ್ಯಾದರಿಂಗ್ ಮತ್ತು ಪ್ರತಿಭಾ ಕಾರಂಜಿಗೆ ಕುಣಿತ ಕಲಿಸುವ ಅಕ್ಕೋರು, ಮಾಸ್ತರರಿಗೆ, ಹಿಪ್‌ಹಾಪ್, ಸಿನಿಮಾ ಡಾನ್ಸ್ ಕ್ಲಾಸ್ ನಡೆಸುವ ಹುಡುಗರಿಗೆ, ಬೇಸಿಗೆ ಶಿಬಿರ ಮಾಡುವವರಿಗೆ ಈ ಬರಹ. ನನ್ನ ಮಾತು ಇಷ್ಟೇ: ವರ್ಷಕ್ಕೊಮ್ಮೆ ಸಿದ್ದಿ ಮಕ್ಕಳನ್ನು ವೇದಿಕೆ ಹತ್ತಿಸಿ ಫೋಟೋ ತೆಗೆದರೆ ಸಮಾನತೆ ಬರುವುದಿಲ್ಲ. ನಿಮ್ಮ ತರಗತಿಯಲ್ಲಿ ಯಾರು ಕಲಿಸುತ್ತಾರೆ, ಯಾರಿಗೆ ಸಂಭಾವನೆ ಸಿಗುತ್ತದೆ, ಯಾರು ಕೊನೆಯ ಪರೀಕ್ಷೆಯವರೆಗೆ ಉಳಿಯುತ್ತಾರೆ ಎಂಬ ಮೂರನ್ನು ನೋಡಿದರೆ ಸಾಕು, ಆ ತರಗತಿ ಎಲ್ಲಿದೆ ಎಂದು ತಿಳಿಯುತ್ತದೆ.

ಶುರು ಮಾಡುವ ಮೊದಲು: ನಮ್ಮ ಸುತ್ತ ಯಾರಿದ್ದಾರೆ

ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳ ಕಾಡಂಚಿನಲ್ಲಿ ಹರಡಿಕೊಂಡಿದ್ದಾರೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಲ್ಲಿಯ ಸಿದ್ದಿಗಳಲ್ಲಿ ಬಹುಪಾಲು ಅವರ ವಂಶದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. ಕನ್ನಡವೂ ಗೊತ್ತು, ಕೊಂಕಣಿಯೂ ಗೊತ್ತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಆ ಸಮುದಾಯದಿಂದ ಶಾಸನಸಭೆ ಹೊಕ್ಕ ಮೊದಲಿಗರು. ಡಮಾಮಿ ಎಂಬ ವಾದ್ಯ, ಅದರ ಹೆಸರಿನದೇ ಕುಣಿತ, ಹೆಂಗಸರ ಪುಗಡಿ ಇವೆಲ್ಲ ಅವರವು.

ಕರಾವಳಿಯ ಪಟ್ಟಿಯಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ, ಗುಮಟೆ (ಮಣ್ಣಿನ ಕೊಡಕ್ಕೆ ಚರ್ಮ ಬಿಗಿದ ವಾದ್ಯ) ಪಾಂಗು. ಭಟ್ಕಳದ ಕಡೆ ಗೊಂಡರ ಢಕ್ಕೆ ಕುಣಿತ. ಘಟ್ಟದ ಮೇಲೆ ಗೌಳಿಗರು. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ವಸತಿ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಶಿರಸಿ, ಹುಬ್ಬಳ್ಳಿಯ ಬೀದಿಯಲ್ಲಿ ಇವತ್ತಿಗೂ ‘ಚೀನಾದವರಾ?’ ಎಂಬ ಪ್ರಶ್ನೆ ಕೇಳಿಸಿಕೊಳ್ಳುತ್ತಾರೆ. ಜನಾಂಗದ ಹೆಸರಲ್ಲಿ ಭೇದ ಮಾಡಬಾರದು ಎಂದು ಸಂವಿಧಾನದ 15ನೇ ವಿಧಿ ಹೇಳುವುದು ದೂರದ ಯಾರನ್ನೋ ಕುರಿತಲ್ಲ. ಅದು ನಮ್ಮ ಬಸ್ ಸ್ಟ್ಯಾಂಡಿನ ಮಾತು, ನಮ್ಮ ತರಗತಿಯ ಮಾತು.

ಹೆಜ್ಜೆ ಒಂದು: ಹಾಜರಿ ಪುಸ್ತಕ ಬಿಚ್ಚಿ

ಹಿಂದಿನ ನಾಲ್ಕೈದು ವರ್ಷದ ಹಾಜರಿ ಪುಸ್ತಕ ತೆಗೆದು ಕೂತುಕೊಳ್ಳಿ. ಯಾವ ಊರಿನ, ಯಾವ ಸಮುದಾಯದ ಮಕ್ಕಳು ಸೇರಿದರು ಎಂಬುದಕ್ಕಿಂತ ಯಾರು ಬಿಟ್ಟರು, ಯಾವಾಗ ಬಿಟ್ಟರು ಎಂದು ಗುರುತು ಹಾಕಿ. ಜುಲೈನಲ್ಲಿ ಬಿಟ್ಟರೆ ಮಳೆ, ಬಸ್ಸು ಕಾರಣವಿರಬಹುದು. ಮೊದಲ ಕಾರ್ಯಕ್ರಮಕ್ಕೆ ತುಸು ಮುಂಚೆ ಬಿಟ್ಟರೆ ಉಡುಪಿನ ಖರ್ಚು ಇರಬಹುದು. ಕಾರ್ಯಕ್ರಮ ಮುಗಿದ ಕೂಡಲೇ ಬಿಟ್ಟರೆ ಗ್ರೀನ್ ರೂಮಿನಲ್ಲಿ ಏನು ನಡೆಯಿತು ಎಂದು ಕೇಳಬೇಕಾಗುತ್ತದೆ. ‘ಅವರಿಗೆ ಆಸಕ್ತಿ ಕಡಿಮೆ’ ಎಂಬ ಉತ್ತರವನ್ನು ಒಪ್ಪಬೇಡಿ. ಬಿಟ್ಟ ಮಗುವಿನ ಮನೆಗೆ ಹೋಗಿ ಅಥವಾ ಫೋನ್ ಮಾಡಿ, ದೂರುವ ದನಿಯಿಲ್ಲದೆ ಕೇಳಿದರೆ ತಾಯಂದಿರು ಹೇಳುತ್ತಾರೆ.

ಹೆಜ್ಜೆ ಎರಡು: ಮೈಗೆ ಕಪ್ಪು ಬಳಿಯುವುದು ಇಂದೇ ನಿಲ್ಲಲಿ

ಇದಕ್ಕೆ ಸಮಿತಿ ಬೇಡ, ಸಭೆ ಬೇಡ. ಜೀವಂತ ಸಮುದಾಯವೊಂದನ್ನು ತೋರಿಸಲೆಂದು ಮಕ್ಕಳ ಮೈಗೆ ಕಪ್ಪು ಬಳಿಯುವುದು, ಸೊಪ್ಪಿನ ಲಂಗ ಕಟ್ಟುವುದು, ಗುಂಗುರು ಕೂದಲಿನ ಟೋಪಿ ಹಾಕುವುದು ಇನ್ನು ಇಲ್ಲ ಎಂದು ಗ್ಯಾದರಿಂಗ್ ಸೂಚನೆಯಲ್ಲೇ ಬರೆದುಬಿಡಿ.

ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಯಕ್ಷಗಾನದಲ್ಲೂ ಮುಖಕ್ಕೆ ಬಣ್ಣ ಹಾಕುತ್ತಾರಲ್ಲ, ಅದೂ ತಪ್ಪೋ?’ ನ್ಯಾಯವಾದ ಪ್ರಶ್ನೆ, ಉತ್ತರ ಕೊಡಬೇಕು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಮುಖವರ್ಣಿಕೆ ಲೋಕದ ಯಾವ ಮನುಷ್ಯನ ಮುಖದ ಹಾಗೂ ಇಲ್ಲ. ಕೆಂಪು, ಕಪ್ಪು, ಬಿಳಿಯ ಗೆರೆಗಳಲ್ಲಿ ಅದೊಂದು ಬೇರೆಯೇ ಲೋಕವನ್ನು ಕಟ್ಟುತ್ತದೆ. ಕಲಾವಿದ ಅದನ್ನು ವರ್ಷಗಟ್ಟಲೆ ಕಲಿತಿರುತ್ತಾನೆ. ಪಕ್ಕದ ಊರಿನಲ್ಲಿ ಬದುಕುತ್ತಿರುವ ಜನರ ಮೈಬಣ್ಣವನ್ನು ಡಬ್ಬಿಯಿಂದ ತೆಗೆದು ಬಳಿದು ನಗಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗೆಂದು ಯಕ್ಷಗಾನದವರೂ ನೃತ್ಯರೂಪಕ ಮಾಡುವವರೂ ಏನನ್ನೂ ಯೋಚಿಸಬೇಕಿಲ್ಲ ಎಂದಲ್ಲ. ಬೇಡರ, ಕಿರಾತರ ಪಾತ್ರ ಬಂದಾಗಲೆಲ್ಲ ಕಾಡಿನ ಜನರ ಮಾತಿನ ಧಾಟಿಯನ್ನು ಅಣಕಿಸಿ ಹಾಸ್ಯ ಮಾಡುವ ಚಾಳಿ ಇದ್ದರೆ ಅದನ್ನು ಬಿಡಬಹುದು. ಪ್ರಸಂಗಕ್ಕೆ ಅದರಿಂದ ಏನೂ ಕೊರತೆಯಾಗುವುದಿಲ್ಲ.

ಹೆಜ್ಜೆ ಮೂರು: ತರಗತಿಯೇ ಊರಿಗೆ ಹೋಗಲಿ

1969ರಲ್ಲಿ ಆರ್ಥರ್ ಮಿಚೆಲ್ ಎಂಬ ಅಮೆರಿಕದ ಕಪ್ಪು ಬ್ಯಾಲೆ ಕಲಾವಿದ ಕಾರೆಲ್ ಶೂಕ್ ಜೊತೆಗೂಡಿ ‘ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್’ ಕಟ್ಟಿದರು. ನ್ಯೂಯಾರ್ಕ್ ಸಿಟಿ ಬ್ಯಾಲೆಯಂಥ ದೊಡ್ಡ ಕಂಪನಿಯ ಮುಖ್ಯ ನರ್ತಕರಾಗಿದ್ದ ಅವರು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮೇಲೆ ತಾವು ಬೆಳೆದ, ಕಪ್ಪು ಜನರೇ ಹೆಚ್ಚಿದ್ದ ನ್ಯೂಯಾರ್ಕಿನ ಬಡಾವಣೆ ಹಾರ್ಲೆಮ್‌ಗೇ ಹೋಗಿ ಅಲ್ಲಿಯ ಮಕ್ಕಳಿಗೆ ಬ್ಯಾಲೆ ಹೇಳಿಕೊಟ್ಟರು. ಮಕ್ಕಳು ತಮ್ಮ ಬಳಿ ಬರಲಿ ಎಂದು ಕಾಯಲಿಲ್ಲ.

ನಮ್ಮಲ್ಲಿಯೂ ಮಂಚಿಕೇರಿ, ಗುಂಜಾವತಿ, ಮೈನಳ್ಳಿ ಕಡೆಯ ಮಗು ಪೇಟೆಯ ತರಗತಿಗೆ ವಾರಕ್ಕೆರಡು ಸಲ ಸಂಜೆ ಬಂದು ಹೋಗುವುದು ಸುಲಭವಲ್ಲ. ವಾರಕ್ಕೊಂದು ದಿನ ನೀವೇ ಹೋಗಿ. ಶಾಲೆಯ ಕೋಣೆ, ಸಮುದಾಯ ಭವನ, ಆಶ್ರಮ ಶಾಲೆ, ಹಾಸ್ಟೆಲಿನ ಅಂಗಳ ಯಾವುದಾದರೂ ಸಾಕು. ನೆಲ ಸಮತಟ್ಟಿದ್ದು, ಮಳೆಗಾಲದಲ್ಲಿ ಸೋರದಿದ್ದರೆ ಆಯಿತು. ಸಿಮೆಂಟಿನ ಮೇಲೆ ತಟ್ಟಡವು (ಪಾದ ತಟ್ಟುವ ಮೊದಲ ಹೆಜ್ಜೆ) ಹಾಕಿಸುವಾಗ ದಪ್ಪ ಜಮಖಾನೆ ಹಾಸಿ, ಇಲ್ಲದಿದ್ದರೆ ಮಕ್ಕಳ ಹಿಮ್ಮಡಿ, ಮಂಡಿ ನೋಯುತ್ತವೆ.

ಹೋಗುವ ಮೊದಲು ಊರಿನ ಹಿರಿಯರ ಜೊತೆ ಕೂತು ಮಾತಾಡಿ. ‘ನಿಮ್ಮ ಮಕ್ಕಳನ್ನು ಉದ್ಧಾರ ಮಾಡಲು ಬಂದಿದ್ದೇವೆ’ ಎಂಬ ಧಾಟಿ ಬೇಡ. ನಾವು ಏನು ಕಲಿಸುತ್ತೇವೆ, ಎಷ್ಟು ವರ್ಷ ಬರುತ್ತೇವೆ, ದುಡ್ಡು ಯಾರದು ಎಂಬುದನ್ನು ನೇರವಾಗಿ ಹೇಳಿ. ‘ಎಷ್ಟು ವರ್ಷ’ ಎಂಬ ಪ್ರಶ್ನೆ ಇಲ್ಲಿ ಬಹಳ ದೊಡ್ಡದು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಹುಡುಕಿ ಓಟದ ತರಬೇತಿಗೆ ಕರೆದೊಯ್ದಿತು. ಮಕ್ಕಳು ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹುಡುಗರು ಅರ್ಧದಲ್ಲಿ ಮನೆಗೆ ವಾಪಸಾದರು. ಹೊರಗಿನಿಂದ ಯಾರೋ ಬಂದು ಭರವಸೆ ಕೊಟ್ಟು ಹೋಗುವುದನ್ನು ಆ ಊರುಗಳು ಒಮ್ಮೆ ಕಂಡಿವೆ. ಮೂರು ವರ್ಷ ಬರುವ ಶಕ್ತಿ ಇಲ್ಲದಿದ್ದರೆ ಶುರು ಮಾಡದಿರುವುದೇ ಮೇಲು.

ಪೇಟೆಗೇ ಬರುವ ಮಕ್ಕಳಿದ್ದರೆ ತರಗತಿಯ ಸಮಯವನ್ನು ಬಸ್ಸಿನ ವೇಳೆ ನೋಡಿ ಇಡಿ. ಕೊನೆಯ ಬಸ್ಸಿಗೆ ಅರ್ಧ ಗಂಟೆ ಮೊದಲೇ ತರಗತಿ ಮುಗಿಯಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹುಡುಗರ ಬಸ್ ಖರ್ಚನ್ನು ತರಗತಿಯ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಸುಗ್ಗಿ, ಹೋಳಿ, ಗದ್ದೆ ನಾಟಿಯ ವಾರಗಳಲ್ಲಿ ಹಾಜರಿ ಕಡಿಮೆಯಾದರೆ ಬೈಯಬೇಡಿ, ಪಾಠವನ್ನೇ ಆ ಪ್ರಕಾರ ಹೊಂದಿಸಿ.

ಶುಲ್ಕದ ಬಗ್ಗೆ ಒಂದೇ ಮಾತು: ಮಾಫಿಯನ್ನು ಎಲ್ಲರೆದುರು ಸಾರಬೇಡಿ. ‘ಇವರಿಗೆ ಫ್ರೀ’ ಎಂದು ಕೇಳಿಸಿಕೊಂಡ ಮಗು ಹಿಂದಿನ ಸಾಲಿಗೆ ತಾನಾಗಿಯೇ ಸರಿಯುತ್ತದೆ.

ಹೆಜ್ಜೆ ನಾಲ್ಕು: ಕೂದಲು, ಮೇಕಪ್ಪು, ಬೆಳಕು

ಮಕ್ಕಳು ಅವಮಾನಗೊಂಡು ಬಿಟ್ಟುಹೋಗುವುದು ಹೆಚ್ಚಾಗಿ ಗ್ರೀನ್ ರೂಮಿನಲ್ಲಿ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಭರತನಾಟ್ಯದ ಅಲಂಕಾರ ನೀಳ ಕೂದಲನ್ನು, ನೇರ ಬೈತಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು. ಸಿದ್ದಿ ಹುಡುಗಿಯ ಬಿಗಿ ಗುಂಗುರು ಕೂದಲಿನ ಮುಂದೆ ಮೇಕಪ್‌ನವರು ಬಾಚಣಿಗೆ ಹಿಡಿದು ಬೇಸರದಿಂದ ನಿಂತುಬಿಡುತ್ತಾರೆ, ಇಲ್ಲವೇ ಎಳೆದು ಬಾಚಿ ಅಳಿಸುತ್ತಾರೆ. ಮಾಡುವ ಕ್ರಮ ಬೇರೆ ಇದೆ. ಹಿಂದಿನ ರಾತ್ರಿ ಕೂದಲು ತೊಳೆದು, ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ, ಅಗಲ ಹಲ್ಲಿನ ಹಣಿಗೆಯಿಂದ ತುದಿಯಲ್ಲಿ ಶುರು ಮಾಡಿ ಬುಡದ ಕಡೆ ಬಿಡಿಸುತ್ತ ಹೋಗಬೇಕು; ಬುಡದಿಂದ ಎಳೆಯಬಾರದು. ಒಣ ಕೂದಲಿಗೆ ಹಣಿಗೆ ಹಾಕಲೇಬಾರದು. ಆಮೇಲೆ ತಲೆಗೆ ಅಂಟಿದ ಹಾಗೆ ಸಣ್ಣ ಸಣ್ಣ ಜಡೆಗಳನ್ನು ಹಣೆಯಿಂದ ಹಿಂದಕ್ಕೆ ಹೆಣೆಯಿರಿ, ಮಧ್ಯದ ಬೈತಲೆ ಬಿಟ್ಟು. ಈ ಹೆಣಿಗೆ ಅವಳ ತಾಯಿಗೆ, ಅಕ್ಕಂದಿರಿಗೆ ಬರುತ್ತದಾದರೆ ಅವರನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಜಡೆಗಳ ತುದಿಯನ್ನೆಲ್ಲ ಹಿಂದೆ ಒಂದು ಗಂಟಿಗೆ ತಂದು, ಮೇಲೆ ಬಲೆ ಹಾಕಿ, ಅದರ ಬುಡಕ್ಕೆ ಚವರಿಯನ್ನು ಕಪ್ಪು ದಾರದಿಂದ ಬಿಗಿದು ಪಿನ್ ಹಾಕಿ. ಹೀಗೆ ಕಟ್ಟಿದ ಜಡೆ ಕುಚ್ಚಿನ ಭಾರವನ್ನೂ ತಾಳುತ್ತದೆ. ಬೈತಲೆಬಟ್ಟು, ಸೂರ್ಯ ಚಂದ್ರ, ರಾಕುಡಿ ಎಲ್ಲವೂ ಆ ಹೆಣಿಗೆಯ ಸಂದಿಗೆ ಚೆನ್ನಾಗಿ ಕೂರುತ್ತವೆ. ಬಿಸಿ ಕಬ್ಬಿಣದಿಂದ ಕೂದಲು ನೇರ ಮಾಡಿಸುವುದು ಬೇಡ. ಒಂದು ಸಂಜೆಯ ಕಾರ್ಯಕ್ರಮಕ್ಕಾಗಿ ಅವಳ ಕೂದಲನ್ನು ಸುಡುವುದು ಯಾವ ಕಲೆಗೂ ಬೇಕಿಲ್ಲ.

ಮೇಕಪ್ಪಿಗೆ ಬನ್ನಿ. ಇಡೀ ತಂಡದ ಮುಖಕ್ಕೆ ಒಂದೇ ತಿಳಿ ಬಣ್ಣದ ಮೇಕಪ್ ಲೇಪ, ಅಂದರೆ ಪ್ಯಾನ್‌ಕೇಕ್ ಎಳೆಯುವುದು ನಮ್ಮಲ್ಲಿ ರೂಢಿ. ಕಪ್ಪು ಮೈಯ ಮಗುವಿಗೆ ಅದನ್ನು ಹಚ್ಚಿದರೆ ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕುತ್ತಿಗೆ ಬೇರೆ, ಕೈ ಬೇರೆ. ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ಹಗಲು ಬೆಳಕಿನಲ್ಲಿ ಮಗುವಿನ ದವಡೆಯ ಅಂಚಿಗೆ ಎರಡು ಮೂರು ಶೇಡ್ ಹಚ್ಚಿ ನೋಡಿ. ಕಾಣದಂತೆ ಬೆರೆತುಹೋದದ್ದೇ ಅವಳ ಶೇಡ್. ಸರಿಯಾದದ್ದು ಕಾರವಾರ, ಶಿರಸಿಯ ಅಂಗಡಿಯಲ್ಲಿ ಸಿಗದಿದ್ದರೆ ಗಾಢ ಕಂದು ಮತ್ತು ಕೆಂಪು ಛಾಯೆಯ ಎರಡನ್ನು ತರಿಸಿ ಬೆರೆಸಿಕೊಳ್ಳಿ. ಬಿಳಿ ಪೌಡರ್ ಹಾಕಲೇಬೇಡಿ. ಕಣ್ಣಿನ ಕಪ್ಪು ಗೆರೆ ಎದ್ದು ಕಾಣಲು ರೆಪ್ಪೆಯ ಮೇಲೆ ಬಂಗಾರದ ಇಲ್ಲವೇ ತಾಮ್ರದ ಬಣ್ಣ ಹಚ್ಚಿ, ಅದರ ಕೆಳಗೆ ಗೆರೆ ಎಳೆಯಿರಿ. ಹಸ್ತಕ್ಕೆ ಹಚ್ಚುವ ಅಲತಿಗೆ ಕಡು ಕೆಂಪಿನ ಬದಲು ಉಜ್ವಲ ಕೆಂಪು ಬೇಕು, ಒಣಗಿದ ಮೇಲೆ ಇನ್ನೊಂದು ಸಲ ಎಳೆದರೆ ಹಸ್ತದ ಮುದ್ರೆ ಹಿಂದಿನ ಸಾಲಿನವರಿಗೂ ಕಾಣುತ್ತದೆ.

ಇದು ಸಣ್ಣ ಸಂಗತಿ ಎನಿಸಿದರೆ ಬ್ಯಾಲೆಯ ಕಥೆ ಕೇಳಿ. ಅಲ್ಲಿ ‘ಮೈಬಣ್ಣದ’ ಶೂ ಎಂದರೆ ಬಿಳಿಯರ ಮೈಯ ನಸುಗೆಂಪು ಎಂದೇ ಆಗಿತ್ತು. ಕಪ್ಪು ನರ್ತಕಿಯರು ಪ್ರತಿ ಜೋಡಿಗೂ ಫೌಂಡೇಶನ್ ಬಳಿದು ತಮ್ಮ ಬಣ್ಣಕ್ಕೆ ತಂದುಕೊಳ್ಳುತ್ತಿದ್ದರು. ಹಾರ್ಲೆಮ್ ತಂಡದವರು 1970ರ ದಶಕದಲ್ಲೇ ತಮ್ಮ ಮೈಬಣ್ಣದ ಕಾಲುಚೀಲ, ಶೂ ತೊಡುವುದನ್ನು ಶುರು ಮಾಡಿದರು. ಲಂಡನ್ನಿನ ಫ್ರೀಡ್ ಕಂಪನಿ ‘ಬ್ಯಾಲೆ ಬ್ಲ್ಯಾಕ್’ ತಂಡದ ಜೊತೆ ಸೇರಿ ಕಂದು ಬಣ್ಣದ ಪಾಯಿಂಟ್ ಶೂ (ಬೆರಳ ತುದಿಯ ಮೇಲೆ ಕುಣಿಯಲು ತೊಡುವ ಶೂ) ತಯಾರಿಸಿದ್ದು 2018ರಲ್ಲಿ. ಅಷ್ಟು ವರ್ಷ ಬೇಕಾಯಿತು ಒಂದು ಶೂಗೆ. ನಮ್ಮ ಪ್ಯಾನ್‌ಕೇಕ್ ಡಬ್ಬಿಯನ್ನು ಬದಲಿಸಲು ಒಂದು ವಾರ ಸಾಕು.

ಬೆಳಕಿನವರ ಜೊತೆಯೂ ಮಾತಾಡಿ. ಶಾಮಿಯಾನದವರು ತರುವ ಎಲ್ಇಡಿ ಪಾರ್ ಲೈಟುಗಳನ್ನು ಮುಂದಿನಿಂದ ಬರೀ ಬಿಳಿಯಲ್ಲಿ ಬಿಟ್ಟರೆ ಕಪ್ಪು ಮುಖದ ಭಾವ ಅಳಿಸಿಹೋಗುತ್ತದೆ. ತಿಳಿ ಹಳದಿ ಅಂಬರ್ ಹಾಕಿಸಿ, ಎರಡೂ ಬದಿಯಿಂದ ಒಂದೊಂದು ಲೈಟು ಮುಖದ ಎತ್ತರಕ್ಕೆ ಬರಲಿ. ಹಿಂದೆ ಕಪ್ಪು ಪರದೆ ಬೇಡ, ನೀಲಿಯೋ ತಿಳಿ ಬಣ್ಣದ್ದೋ ಇರಲಿ. ಮೊಬೈಲಿನಲ್ಲಿ ಚಿತ್ರ ತೆಗೆಯುವವರಿಗೆ ಪರದೆಯ ಮೇಲೆ ಆ ಮಗುವಿನ ಮುಖವನ್ನೇ ಮುಟ್ಟಿ ಬೆಳಕು ಹೊಂದಿಸಲು ಹೇಳಿ. ಕಾರ್ಯಕ್ರಮದ ಮರುದಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಮುಖ ಕಂಡು ತನ್ನದೊಂದೇ ಕತ್ತಲಾಗಿದ್ದರೆ ಆ ಮಗುವಿನ ಮನಸ್ಸಿಗೆ ಏನಾಗುತ್ತದೆ ಯೋಚಿಸಿ.

ಹೆಜ್ಜೆ ಐದು: ಕಲಿಸುವ ಜಾಗಕ್ಕೆ ಅವರು ಬರಲಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ.

ಉತ್ಸವಗಳಿಗೆ ಡಮಾಮಿ ತಂಡ, ಸುಗ್ಗಿ ತಂಡ ಮೆರವಣಿಗೆಗೆ ಬರುತ್ತವೆ. ಮುಖ್ಯ ವೇದಿಕೆಯಲ್ಲಿ ಬೇರೆಯವರು ಕುಣಿಯುತ್ತಾರೆ. ತರಗತಿಯಲ್ಲಂತೂ ಅವರು ಇಲ್ಲವೇ ಇಲ್ಲ. ಯೂಟ್ಯೂಬಿನಲ್ಲಿ ನೋಡಿ ಡಮಾಮಿ ಹೆಜ್ಜೆ ಕಲಿತು ಮಕ್ಕಳಿಗೆ ಹೇಳಿಕೊಡುವ ಮಾಸ್ತರರು ಇದ್ದಾರೆ. ಹತ್ತಾರು ಕಿಲೋಮೀಟರ್ ದೂರದಲ್ಲಿ ಅದನ್ನು ಬಾಳಿದ ಅಜ್ಜಿ ಇದ್ದಾಳೆ. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ನೆನೆಯಿರಿ. ಹಾಲಕ್ಕಿ ಹಾಡುಗಳನ್ನು ಎದೆಯಲ್ಲಿಟ್ಟುಕೊಂಡು ನೂರಾರು ಜನರಿಗೆ ದಾಟಿಸಿದರು, 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಅಂಥವರು ಗುರುಗಳು. ಅವರನ್ನು ‘ಜಾನಪದ ಕಲಾವಿದರು’ ಎಂದು ಹಾರ ಹಾಕಿ ಕಳಿಸುವ ಬದಲು ಬೋಧಕರ ಪಟ್ಟಿಯಲ್ಲಿ ಹೆಸರು ಹಾಕಬೇಕು.

ಹೇಗೆ ಕರೆಯಬೇಕು? ಒಂದು ದಿನದ ಕಾರ್ಯಾಗಾರ ಬೇಡ. ಮೂರು ತಿಂಗಳು, ವಾರಕ್ಕೊಮ್ಮೆ. ಇಬ್ಬರನ್ನಾದರೂ ಕರೆಯಿರಿ, ಒಬ್ಬರು ವಾದ್ಯಕ್ಕೆ, ಒಬ್ಬರು ಕುಣಿತಕ್ಕೆ. ಒಬ್ಬರೇ ಬಂದರೆ ಅವರೂ ಮುಜುಗರಪಡುತ್ತಾರೆ, ಕುಣಿತವೂ ಅರ್ಧವಾಗುತ್ತದೆ. ಸಂಭಾವನೆ ಹೊರಗಿನಿಂದ ಬರುವ ಭರತನಾಟ್ಯ ವಿದ್ವಾಂಸರಿಗೆ ಎಷ್ಟೋ ಅಷ್ಟೇ ಇರಲಿ, ಪ್ರಯಾಣ, ಊಟ ಬೇರೆ. ಅವರು ಕೂಲಿ ಬಿಟ್ಟು ಬರುವ ದಿನ ಅದು ಎಂಬುದನ್ನು ಮರೆಯಬೇಡಿ. ದುಡ್ಡನ್ನು ಅದೇ ದಿನ ಕೊಡಿ. ಮಕ್ಕಳು ನಿಮ್ಮನ್ನು ಅಕ್ಕೋರು ಎನ್ನುವುದಾದರೆ ಅವರನ್ನೂ ಅಕ್ಕೋರು, ಮಾಸ್ತರರು ಎಂದೇ ಕರೆಯಲಿ. ಆ ತರಗತಿಯಲ್ಲಿ ನೀವು ಮಕ್ಕಳ ಸಾಲಿನಲ್ಲಿ ನಿಂತು ಕಲಿಯಿರಿ. ಹತ್ತು ಭಾಷಣ ಮಾಡದ ಕೆಲಸವನ್ನು ಅದು ಮಾಡುತ್ತದೆ.

ಏನು ಕಲಿಸಬಹುದು, ಏನು ಕೂಡದು ಎಂದು ಮೊದಲೇ ಕೇಳಿಕೊಳ್ಳಿ. ಸುಗ್ಗಿ ಕುಣಿತ ಫಾಲ್ಗುಣದಲ್ಲಿ ಹಾಲಕ್ಕಿ ಗಂಡಸರು ತಲೆಗೆ ತುರಾಯಿ ಕಟ್ಟಿ, ಕೋಲು, ಕುಂಚ ಹಿಡಿದು ನೇಮದಿಂದ ಕುಣಿಯುವಂಥದ್ದು. ಅದರಲ್ಲಿ ದೇವರಿಗೆ ಸಂಬಂಧಿಸಿದ್ದು ಯಾವುದು, ಸಂತೋಷಕ್ಕೆ ಕುಣಿಯುವುದು ಯಾವುದು ಎಂದು ಅವರೇ ಹೇಳಬೇಕು. ‘ಇದು ವೇದಿಕೆಗೆ ಬೇಡ’ ಎಂದರೆ ಬೇಡ. ಹಾಲಕ್ಕಿ ಹೆಂಗಸರ ಸೀರೆ, ಮಣಿಸರ ಮಕ್ಕಳಿಗೆ ಉಡಿಸಬೇಕೆಂದಿದ್ದರೆ ಅವರನ್ನೇ ಕರೆದು ಉಡಿಸಿ. ವಿಡಿಯೋ ಮಾಡುವುದಿದ್ದರೆ ಕೇಳಿ ಮಾಡಿ, ಎಲ್ಲಿ ಹಾಕುತ್ತೀರಿ ಎಂದು ತಿಳಿಸಿ, ಕಲಿಸಿದವರ ಹೆಸರನ್ನು ಚಿತ್ರದಲ್ಲೇ ಹಾಕಿ. (ಗುಮಟೆ ತರಿಸುವವರಿಗೆ ಒಂದು ಮಾತು: ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು, ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಆಡಿನ ಚರ್ಮದ್ದನ್ನೇ ಕೊಳ್ಳಿ.)

ಇದಕ್ಕೆ ಹಣ ಎಲ್ಲಿಂದ? ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಗಿರಿಜನ ಉಪಯೋಜನೆಯ ಅನುದಾನ ಬರುತ್ತದೆ. ಕಾರವಾರದ ಸಹಾಯಕ ನಿರ್ದೇಶಕರ ಕಚೇರಿಗೆ ತಂಡದ ಹೆಸರಿನಲ್ಲೇ ಅರ್ಜಿ ಹಾಕಿಸಿ. ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಬೇಡ. ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂದು ದಶಕಗಳಿಂದ ಕೇಳುತ್ತಿರುವವರು. ಆ ಬೇಡಿಕೆ ಈಡೇರುವವರೆಗೆ ಅವರ ತಂಡಗಳಿಗೆ ಈ ಬಾಗಿಲು ತೆರೆಯದು. ಅವರ ಸಂಭಾವನೆಯನ್ನು ತರಗತಿಯ ಶುಲ್ಕದಿಂದಲೇ ಎತ್ತಿಡಿ.

ಹೆಜ್ಜೆ ಆರು: ಪಾತ್ರ ಹಂಚುವಾಗ, ಪಾಠ ಹೇಳುವಾಗ

ನೃತ್ಯರೂಪಕದಲ್ಲಿ ದ್ರೌಪದಿ, ರಾಧೆ, ಸೀತೆ ಯಾರಿಗೆ ಹೋಗುತ್ತವೆ, ಶೂರ್ಪನಖಿ, ರಾಕ್ಷಸರ ಗುಂಪು ಯಾರಿಗೆ ಹೋಗುತ್ತವೆ ಎಂದು ನಿಮ್ಮ ಹಳೆಯ ಫೋಟೋಗಳನ್ನು ನೋಡಿ. ಮಹಾಭಾರತದ ದ್ರೌಪದಿ ಕಪ್ಪು ಚೆಲುವೆ. ಕೃಷ್ಣ ಕಪ್ಪು, ರಾಮನೂ ಶ್ಯಾಮಲ. ನಮ್ಮ ಪುರಾಣಗಳು ಇಷ್ಟು ಧಾರಾಳವಾಗಿ ಕೊಟ್ಟಿದ್ದನ್ನು ನಾವು ಬಿಳಿ ಪೌಡರಿನಲ್ಲಿ ಮುಚ್ಚಿದ್ದೇವೆ. ಅಭಿನಯ ನೋಡಿ ಪಾತ್ರ ಕೊಡಿ, ಬಣ್ಣ ನೋಡಿ ಬೇಡ.

ಇನ್ನೊಂದು ಮಾತು ಮೆಚ್ಚುಗೆಯ ವೇಷದಲ್ಲಿ ಬರುತ್ತದೆ: ‘ಸಿದ್ದಿ ಮಕ್ಕಳಿಗೆ ತಾಳ ರಕ್ತದಲ್ಲೇ ಇದೆ.’ ಹೀಗೆಂದಾಗ ಆ ಮಗು ಬೆವರು ಸುರಿಸಿ ಕಲಿತದ್ದು ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಅವಳನ್ನು ಬರೀ ತಾಳ, ಹೆಜ್ಜೆಯ ನೃತ್ತಕ್ಕೆ ಸೀಮಿತ ಮಾಡಿ, ಪದ, ಜಾವಳಿಯಂಥ ಹಾಡುಗಳ ಅಭಿನಯವನ್ನು ಬೇರೆಯವರಿಗೆ ಕೊಡುವುದಕ್ಕೆ ಅದೇ ನೆಪವಾಗುತ್ತದೆ. ತಾಳ ತಪ್ಪಿದರೆ ಎಲ್ಲರಿಗೂ ತಿದ್ದುವ ಹಾಗೆ ತಿದ್ದಿ, ಚೆನ್ನಾಗಿ ಮಾಡಿದರೆ ‘ಎಷ್ಟು ಅಭ್ಯಾಸ ಮಾಡಿದ್ದೀಯೆ!’ ಎನ್ನಿ.

ಹಿಪ್‌ಹಾಪ್ ಕಲಿಸುವವರು ಐದು ನಿಮಿಷ ಅದರ ಕಥೆ ಹೇಳಿ. ಅದು 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ದುಡ್ಡಿಲ್ಲದ ಕಪ್ಪು ಮತ್ತು ಲ್ಯಾಟಿನೋ ಹುಡುಗರ ನಡುವೆ ಹುಟ್ಟಿದ್ದು. ಕಾರವಾರದ ಕಡಲತೀರದಲ್ಲಿ ರೀಲ್ಸ್ ಮಾಡುವ ಹುಡುಗನಿಗೆ ತನ್ನ ಹೆಜ್ಜೆ ಯಾರಿಂದ ಬಂತು ಎಂದು ಗೊತ್ತಾದರೆ, ಯಲ್ಲಾಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಸಿದ್ದಿ ಹುಡುಗನನ್ನು ನೋಡುವ ಕಣ್ಣು ಬೇರೆಯಾಗಬಹುದು.

ಮುಂಡಗೋಡದ ಟಿಬೆಟಿಯನ್ ಮಕ್ಕಳು ನಿಮ್ಮಲ್ಲಿದ್ದರೆ ಹೊಸ ವರ್ಷ ಲೋಸಾರ್ ಹೊತ್ತಿಗೆ ರಜೆ ಕೊಡಿ. ಅವರ ಮನೆಯ ಹಿರಿಯರು ಒಂದು ಗುಂಪು ಕುಣಿತ ಹೇಳಿಕೊಡಲು ಒಪ್ಪಿದರೆ ಐದನೇ ಹೆಜ್ಜೆಯ ಕ್ರಮವೇ ಇಲ್ಲಿಗೂ ಸಾಕು.

ಹೆಜ್ಜೆ ಏಳು: ತರಗತಿಯ ಮಾತು

‘ಅಕ್ಕೋರೇ, ಇವಳ ಕೂದ್ಲು ಸ್ಪಂಜಿನ ಹಾಂಗೆ ಇದ್ದು ನೋಡಿ’ ಎಂದು ಮಗುವೊಂದು ಕೈ ಹಾಕುತ್ತದೆ. ಕೇಳಿಸದಂತೆ ಇರಬೇಡಿ, ಗದರಿ ದೊಡ್ಡ ದೃಶ್ಯವನ್ನೂ ಮಾಡಬೇಡಿ. ‘ತಂಗಿ, ಕೇಳದೆ ಯಾರ ತಲೆಗೂ ಕೈ ಹಾಕೂದು ಬೇಡ. ನಿನ್ನ ಕೂದಲು ನಿಂಗೆ ಚಂದ, ಅವಳದು ಅವಳಿಗೆ’ ಎಂದು ಅಲ್ಲಿಯೇ ಹೇಳಿ ಪಾಠ ಮುಂದುವರಿಸಿ. ತರಗತಿ ಮುಗಿದ ಮೇಲೆ ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಮಾತಾಡಿ. ಮೊದಲು ನೊಂದವಳ ಜೊತೆ.

‘ಕರಿಯ’, ‘ಆಫ್ರಿಕಾ’, ‘ಚಿಂಕಿ’ ಇಂಥ ಅಡ್ಡಹೆಸರು ತರಗತಿಯೊಳಗೆ ಇಲ್ಲ ಎಂದು ಸೇರಿಸಿಕೊಳ್ಳುವ ದಿನವೇ ತಂದೆತಾಯಂದಿರಿಗೂ ತಿಳಿಸಿ. ದೂರು ಕೇಳಲು ನಿಮ್ಮನ್ನು ಬಿಟ್ಟು ಇನ್ನೊಬ್ಬರು ಇರಬೇಕು, ಏಕೆಂದರೆ ದೂರು ನಿಮ್ಮ ಮೇಲೇ ಇರಬಹುದು. ಒಬ್ಬ ಸಿದ್ದಿ ಅಥವಾ ಹಾಲಕ್ಕಿ ತಾಯಿ ಆ ಜಾಗದಲ್ಲಿದ್ದರೆ ಉತ್ತಮ. ದೊಡ್ಡವರೇ ನಾಲ್ಕು ಜನರೆದುರು ಪರಿಶಿಷ್ಟರನ್ನು ಜಾತಿ ಹಿಡಿದು ಹೀಯಾಳಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದು ಅಪರಾಧ ಎಂಬುದು ಮೇಕಪ್‌ನವರಿಗೂ ಆಯೋಜಕರಿಗೂ ಗೊತ್ತಿರಲಿ.

ದೊಡ್ಡವರ ಮಾತು ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು 2024ರಲ್ಲಿ ಕೇರಳದಲ್ಲಿ ಕಂಡೆವು. ಕಪ್ಪು ಮೈಬಣ್ಣದವರು ಅಲ್ಲಿಯ ಶಾಸ್ತ್ರೀಯ ನೃತ್ಯ ಮೋಹಿನಿಯಾಟ್ಟಂ ಆಡಬಾರದು ಎಂಬರ್ಥದ ಮಾತನ್ನು ಹಿರಿಯ ಕಲಾವಿದೆಯೊಬ್ಬರ ಬಾಯಲ್ಲಿ ಕೇಳಿದಾಗ ಊರಿಗೆ ಊರೇ ಸಿಟ್ಟಾಯಿತು. ಆ ಮಾತಿನ ಗುರಿಯಾಗಿದ್ದ ನರ್ತಕ ಆರ್.ಎಲ್.ವಿ. ರಾಮಕೃಷ್ಣನ್ ಅವರನ್ನು ಅಲ್ಲಿಯ ಕಲಾಶಿಕ್ಷಣ ಸಂಸ್ಥೆ ಕೇರಳ ಕಲಾಮಂಡಲಂ ತನ್ನ ಅಂಗಳದಲ್ಲೇ ಕುಣಿಯಲು ಕರೆಯಿತು. 2025ರಲ್ಲಿ ಅವರು ಅಲ್ಲಿಯೇ ಭರತನಾಟ್ಯದ ಅಧ್ಯಾಪಕರಾದರು. ಖಂಡಿಸಿ ಹೇಳಿಕೆ ಕೊಟ್ಟಲ್ಲಿಗೆ ಸಂಸ್ಥೆಯೊಂದರ ಕೆಲಸ ಮುಗಿಯುವುದಿಲ್ಲ. ವೇದಿಕೆ ಕೊಡಬಹುದು, ಹುದ್ದೆ ಕೊಡಬಹುದು.

ಹೆಜ್ಜೆ ಎಂಟು: ವಿದ್ವತ್‌ವರೆಗೆ ಜೊತೆಗಿರಿ

ಭರತನಾಟ್ಯದ ಜೂನಿಯರ್ ಪರೀಕ್ಷೆಗೆ ಕೂರುವ ಮಕ್ಕಳಲ್ಲಿ ಸೀನಿಯರಿಗೆ ಉಳಿಯುವವರು ಕಡಿಮೆ, ಕೊನೆಯ ಹಂತದ ವಿದ್ವತ್ ಮುಟ್ಟುವವರು ಇನ್ನೂ ಕಡಿಮೆ. ಕಾಡಂಚಿನ ಮಗುವಿಗೆ ಈ ದಾರಿ ಮತ್ತೂ ಉದ್ದ. ನೀವು ಮಾಡಬಹುದಾದದ್ದು ಬಹಳ ಸರಳ: ನಾಲ್ಕಾರು ಅಳತೆಯ ಹೊಲಿದ ಉಡುಪು, ಒಂದೆರಡು ಜೊತೆ ಆಭರಣ, ಗೆಜ್ಜೆಗಳನ್ನು ತರಗತಿಯ ಆಸ್ತಿಯಾಗಿ ಇಟ್ಟುಕೊಂಡು ಯಾರು ಬೇಕಾದರೂ ಬಳಸುವ ಹಾಗೆ ಮಾಡಿ. ಬದಿಯ ಹೊಲಿಗೆಯೊಳಗೆ ಮೂರು ಇಂಚು ಬಟ್ಟೆ ಬಿಡಲು ದರ್ಜಿಗೆ ಹೇಳಿದರೆ ಒಂದೇ ಉಡುಪು ವರ್ಷಗಟ್ಟಲೆ ಬರುತ್ತದೆ. ರಂಗಪ್ರವೇಶವನ್ನು ಮದುವೆಯ ಹಾಗೆ ಮಾಡುವ ಪೈಪೋಟಿ ನಿಮ್ಮ ತರಗತಿಯಲ್ಲಿ ಇಲ್ಲವೆಂದು ಘೋಷಿಸಿ. ದೇವಸ್ಥಾನದ ಚಂದ್ರಶಾಲೆ ಸಾಕು, ಎರಡು ದೀಪ ಸಾಕು.

ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿಸಿಆರ್‌ಟಿ ಸಂಸ್ಥೆ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನ ಕೊಡುತ್ತದೆ. ಪಾರಂಪರಿಕ ಕಲೆಯ ಮನೆತನದ ಮಕ್ಕಳಿಗೂ ಬುಡಕಟ್ಟಿನ ಮಕ್ಕಳಿಗೂ ಅದರಲ್ಲಿ ಪಾಲಿದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಸರದಿ ನಿಲ್ಲಬೇಕು, ಆದ್ದರಿಂದ ಅರ್ಜಿ ಕರೆಯುವ ಮೊದಲೇ ಕಾಗದ ಸಿದ್ಧವಿರಲಿ. ಅರ್ಜಿ ತುಂಬುವುದು ನಿಮ್ಮ ಕೆಲಸ ಎಂದುಕೊಳ್ಳಿ. ಹದಿನಾರು ದಾಟಿದ ಹುಡುಗಿಯನ್ನು ಸಣ್ಣ ಮಕ್ಕಳ ತರಗತಿಗೆ ಸಹಾಯಕಿಯಾಗಿ ಹಾಕಿಕೊಂಡು ಸಂಬಳ ಕೊಡಿ. ಕುಣಿತದಿಂದಲೂ ದುಡಿಯಬಹುದು ಎಂದು ಮನೆಯವರಿಗೆ ಕಂಡರೆ ಅವಳನ್ನು ನಡುವೆ ಬಿಡಿಸುವುದಿಲ್ಲ. ವಿದ್ವತ್ ಮುಗಿಸಿದ ಮೇಲೆ ಅವಳ ಊರಲ್ಲೇ ಅವಳದೇ ಹೆಸರಿನ ತರಗತಿ ಶುರುವಾಗಲಿ, ನಿಮ್ಮ ಶಾಖೆಯಾಗಿ ಅಲ್ಲ.

ಮೇ ತಿಂಗಳಲ್ಲಿ ಪ್ರವೇಶದ ಚೀಟಿ ಅಚ್ಚು ಹಾಕಿಸುತ್ತೀರಲ್ಲ, ಅದರಲ್ಲಿ ಈ ಸಾಲುಗಳನ್ನು ಸೇರಿಸಿ: ಡಮಾಮಿ, ಸುಗ್ಗಿ ಕಲಿಸುವ ಗುರುಗಳ ಹೆಸರು ನಿಮ್ಮ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ, ಉಡುಪು ತರಗತಿಯಿಂದಲೇ, ತರಗತಿ ಮುಗಿಯುವ ಹೊತ್ತು ಮತ್ತು ಕೊನೆಯ ಬಸ್ಸಿನ ಹೊತ್ತು, ದೂರು ಕೇಳುವ ತಾಯಿಯ ಫೋನ್ ನಂಬರ್. ಚೀಟಿಯನ್ನು ಪೇಟೆಯ ಅಂಗಡಿಗಳಿಗೆ ಅಂಟಿಸುವ ಮೊದಲು ಮಂಚಿಕೇರಿ, ಗುಂಜಾವತಿ, ಬಡಗೇರಿಯ ಶಾಲೆಗಳಿಗೆ ನೀವೇ ಹೋಗಿ ಕೊಟ್ಟು ಬನ್ನಿ.